ಮಂಡಕ್ಕಿ ಭಟ್ಟಿಯ ಹಸಿರು ತೊಟ್ಟಿ

ಹೇಳದೆ ಕೇಳದೆ ಉಪಕಾರ ಮಾಡುವವರನ್ನು ಊರಿಂದಾಚೆ ಹಾಕಬೇಕು. ಕೊಟ್ಟೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದ ತಿಪ್ಪೇಶ ಅಂದು ಬೆಳಿಗ್ಗೆ ತನ್ನ ತೊಟ್ಟಿಯ ಮುಂದೆ ನಿಂತಾಗ ಅವನಿಗನ್ನಿಸಿದ್ದೂ ಅದೇ. ಹಸಿರು ನೀರಿನ ಮೇಲೆ ನೀಲಿ ಎಣ್ಣೆ ತೇಲುತ್ತಿತ್ತು. ಎದುರುಮನೆಯ ಕೊಟ್ರಬಸಮ್ಮ ಖಾಲಿ ಡಬ್ಬಿ ಹಿಡಿದು ನಗುತ್ತ ನಿಂತಿದ್ದಳು.

"ಸೊಳ್ಳಿ ಭಾಳ ಆಗಿದ್ವಪ್ಪ, ರೇಷನ್ ಸೀಮೆಣ್ಣಿ ಹಾಕೀನಿ. ಸಾಹೇಬ್ರು ಬರ್ತಾರಂತಲ್ಲ, ಕಡಿಸಿಕೊಂಡು ಹೋದ್ರ ಓಣಿ ಮರ್ಯಾದಿ ಏನಾತು?"

ತಿಪ್ಪೇಶನ ಮೈ ಉರಿದುಹೋಯಿತು. ಎಲ್ಲೆಲ್ಲೂ ಜೈವಿಕ ಇಂಧನದ್ದೇ ಮಾತಾಗಿದ್ದ ವರ್ಷ ಅದು, ಎರಡು ಸಾವಿರದ ಎಂಟು. ಬೊಮ್ಮಪ್ಪನ ಮಂಡಕ್ಕಿ ಭಟ್ಟಿಯಲ್ಲಿ ಭತ್ತ ನೆನೆಸಿದ ಗಬ್ಬುನೀರನ್ನು ಭಟ್ಟಿಯ ಅಂಗಳದ ತೊಟ್ಟಿಗೇ ಬಿಟ್ಟು ಅವನು ಬೇಸಿಗೆಯಿಡೀ ಪಾಚಿ ಬೆಳೆಸಿದ್ದ. ಪಾಚಿ ಕೊಳೆ ತಿಂದು ನೀರನ್ನು ತಿಳಿ ಮಾಡುತ್ತದೆ. ಪಾಚಿಯನ್ನು ಒಣಗಿಸಿದರೆ ಇಂಧನಕ್ಕೆ ಎಣ್ಣೆ ತೆಗೆಯಬಹುದು. ಅದನ್ನು ನೋಡಲೆಂದೇ ಬಳ್ಳಾರಿಯ ಜಿಲ್ಲಾ ಕಚೇರಿಯಿಂದ ಒಬ್ಬ ಸಾಹೇಬರು ಬರುವವರಿದ್ದರು. ಅವರು ಒಪ್ಪದಿದ್ದರೆ ಇವತ್ತೇ ತೊಟ್ಟಿ ಒಡೆದು ಅಲ್ಲಿ ಹೊಟ್ಟು ತುಂಬುತ್ತೇನೆಂದು ಬೊಮ್ಮಪ್ಪ ಹೇಳಿಬಿಟ್ಟಿದ್ದ.

"ಅದಕ್ಕೂ ಜೀವ ಐತಮ್ಮ. ಉಸಿರು ಕಟ್ಟಿ ಸಾಯ್ತತಿ."

"ಪಾಚಿಗೆ ಎಂಥಾ ಉಸಿರು? ಓದಿದೋರು ಹಿಂಗ ಮಾತಾಡಬಾರದು."

ತಿಪ್ಪೇಶ ಹಲ್ಲು ಕಡಿಯುತ್ತ ಹೆಗಲ ಮೇಲಿನ ಟವೆಲ್ಲನ್ನು ನೀರಿನ ಮೇಲೆ ಹಾಸಿ ಎಣ್ಣೆ ಹೀರಿಸತೊಡಗಿದ. ಹಿಂಡಿದ, ಮತ್ತೆ ಹಾಸಿದ. "ಅಂಗೀನೂ ಬಿಚ್ಚಪ್ಪ, ಜಲ್ದಿ ಆಗ್ತತಿ" ಎಂದು ಕೊಟ್ರಬಸಮ್ಮ ಸಲಹೆ ಕೊಟ್ಟಳು. ಅಷ್ಟರಲ್ಲಿ ಜೀಪು ಬಂತು. ಬೊಮ್ಮಪ್ಪ ಭಟ್ಟಿಯೊಳಗಿಂದ ಓಡಿಬಂದ.

ಸಾಹೇಬರು ಇಳಿದವರೇ ಗಬ್ಬುನಾತಕ್ಕೆ ಹೆದರಿ ಮೂಗಿಗೆ ಕರ್ಚೀಫು ಒತ್ತಿಕೊಂಡರು. ಹೋಗುವವರೆಗೂ ತೆಗೆಯಲಿಲ್ಲ, ಹಾಗಾಗಿ ಸೀಮೆಎಣ್ಣೆಯ ವಾಸನೆಯೂ ಅವರಿಗೆ ತಿಳಿಯಲಿಲ್ಲ.

"ಎಣ್ಣೆ ಎಲ್ರೀ?"

"ಪಾಚಿ ಒಣಗಿಸಿ ತೆಗೀಬೇಕು ಸರ್."

"ಮೇಲೇ ತೇಲ್ತಾ ಇದೆಯಲ್ರೀ!"

ಅವರು ಎಣ್ಣೆ ಹೀರಿದ ತಿಪ್ಪೇಶನ ಟವೆಲ್ಲನ್ನು ಡ್ರೈವರನ ಕೈಗೆ ಕೊಟ್ಟು ಕಡ್ಡಿ ಗೀರಿಸಿದರು. ಟವೆಲ್ ಭಗ್ಗೆಂದು ಹತ್ತಿಕೊಂಡಿತು. ಬೊಮ್ಮಪ್ಪ ಚಪ್ಪಾಳೆ ತಟ್ಟಿದ.

ತಿಪ್ಪೇಶನಿಗೆ ತಡೆಯಲಾಗಲಿಲ್ಲ. "ಅದು ಸೀಮೆಎಣ್ಣಿ ಸರ್. ಈಯಮ್ಮ ಸುರಿದಾಳ."

ರೇಷನ್ ಎಣ್ಣೆ ಚೆಲ್ಲಿದ್ದನ್ನು ಅಧಿಕಾರಿಯ ಮುಂದೆ ಯಾರು ಒಪ್ಪಿಕೊಳ್ಳುತ್ತಾರೆ? ಕೊಟ್ರಬಸಮ್ಮ ಸೆರಗನ್ನು ಕಣ್ಣಿಗೊತ್ತಿಕೊಂಡಳು. "ನಾ ಯಾಕ ಸುರೀಲ್ರಿ ಸಾಹೇಬ್ರ? ಸ್ಟೋ ಹಚ್ಚಾಕ ಸೀಮೆಣ್ಣಿ ಸಾಲವಲ್ದು ನಮಗ."

ಸಾಹೇಬರ ಮನಸ್ಸು ಕರಗಿತು. ತಿಪ್ಪೇಶನ ಬೆನ್ನು ತಟ್ಟಿ, "ಇಷ್ಟು ವಿನಯ ಒಳ್ಳೇದಲ್ಲ ಕಣ್ರೀ. ಇನ್ನು ಈ ಓಣಿಗೆ ರೇಷನ್ ಸೀಮೆಎಣ್ಣೆ ಬೇಡ. ನಿಮ್ಮ ತೊಟ್ಟಿಯಿಂದಲೇ ಮನೆಮನೆಗೆ ಕೊಡಿ. ಅಂಗಡಿಗೆ ಇವತ್ತೇ ಹೇಳಿಹೋಗ್ತೀನಿ" ಎಂದು ಜೀಪು ಹತ್ತಿದರು. ತಿಪ್ಪೇಶ ಕೂಗುತ್ತ ಜೀಪಿನ ಹಿಂದೆ ಓಡಿದ್ದನ್ನು ಅವರು ಕೃತಜ್ಞತೆ ಎಂದುಕೊಂಡು ಕೈಬೀಸಿದರು.

ಸಂಜೆಗೆ ಪಾಚಿಯೆಲ್ಲ ಕಂದಿ ತಳ ಸೇರಿತು. ಎಲ್ಲರನ್ನೂ ಬೈಯುತ್ತ ತಿಪ್ಪೇಶ ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದ. ರೇಷನ್ ಅಂಗಡಿಯಿಂದ ಬರಿಗೈಲಿ ಬಂದ ಓಣಿಯ ಜನ ಡಬ್ಬಿ ಹಿಡಿದು ಅವನ ಮುಂದೆ ಸಾಲುಗಟ್ಟಿದರು. ಎಲ್ಲರಿಗಿಂತ ಮುಂದೆ ಕೊಟ್ರಬಸಮ್ಮ.

"ನಂದು ಮೊದ್ಲು ತುಂಬಪ್ಪ," ಎಂದಳು. "ಮುಂಜಾನಿ ನಾ ಹಾಕಿದ್ದಾದ್ರೂ ಅದರಾಗ ಇರಬೇಕಲ್ಲ."