ಹೋಗಿ ಬರ್ತೀನಿ ಅಂದ ಸರ್ಜನ್‌ಗಳು

ನಮ್ ಸರ್ಕಾರಿ ದವಾಖಾನ್ಯಾಗ ಸರ್ಜನ್ ನಿಲ್ಲಂಗಿಲ್ಲ. ಬರ್ತಾರ, ನಾಲ್ಕು ದಿನ ಇರ್ತಾರ, ತಾವು ಕಲ್ತ ಊರಿನ ಕಡಿ ಮುಖ ಮಾಡ್ತಾರ. ಅವರನ್ನ ವಾಡಿ ಸ್ಟೇಷನ್‌ತನಕ ಬಿಟ್ಟು ಬರೋದು ಆಪರೇಷನ್ ಥಿಯೇಟರ್ ಅಟೆಂಡರ್ ಆದ ನನ್ನ ಪಾಲಿಗೆ ಬಂದ ಕೆಲಸ. ರೈಲು ಹತ್ತುವಾಗ ಎಲ್ಲಾರ್ದೂ ಒಂದೇ ಮಾತು: "ಹೋಗಿ ಬರ್ತೀನಿ." ಒಬ್ಬರೂ ಬಂದಿಲ್ಲ.

ನನಗೋ ಹರ್ನಿಯಾ. "ಕಲಬುರಗಿಗೆ ಹೋಗ್ರಿ" ಅಂತಾಳ ಹೆಂಡತಿ. ಥಿಯೇಟರಿನಾವನೇ ಬ್ಯಾರೆ ಕಡಿ ಹೋದ್ರ ಮಂದಿ ನಮ್ ಕಡಿ ಬರ್ತಾರೇನು? ಹೊಟ್ಟಿ ಹಿಡ್ಕೊಂಡು ಕಾಯ್ಕೊಂತ ಕುಂತೆ.

೧. ನೀರು

ಒಬ್ಬ ಸಾಹೇಬ್ರು ಮಂಗಳೂರಾಗ ಕಲ್ತವರು. ಬಂದ ದಿನಾನೇ, "ಇಲ್ಲಿ ನೀರು ಎಲ್ಲುಂಟು?" ಅಂದ್ರು. ಕಾಗಿಣಾ ಹೊಳಿಗೆ ಕರ್ಕೊಂಡು ಹೋದೆ. ಸುಡು ಬ್ಯಾಸಿಗಿ. ಹೊಳ್ಯಾಗ ಬರೇ ಕಲ್ಲು, ನಡುವ ಎರಡು ಎಮ್ಮಿ.

"ನೀರು?"

"ಮಳಿಗಾಲಕ್ಕ ಬರ್ತದ್ರಿ ಸರ."

"ಹಾಗಾದ್ರೆ ನಾನೂ ಮಳೆಗಾಲಕ್ಕೇ ಬರ್ತೇನೆ ಮಾರಾಯ್ರೆ."

ಮಳಿ ಬಂತು, ಹೊಳಿ ಬಂತು. ಸಾಹೇಬ್ರು ಬರಲಿಲ್ಲ.

೨. ನಮ್ಮಂವ

ಮುಂದ ಬಂದಂವ ಚಿಂಚೋಳಿ ಹುಡುಗ. ನಮ್ಮಂವ, ಎಲ್ಲಿ ಹೋಗ್ತಾನ ಅಂತ ಪೇಢೆ ಹಂಚಿದ್ವಿ. ಕಲ್ತಿದ್ದು ಮಾತ್ರ ಬೆಂಗಳೂರಾಗ. ಅವನ ತಾಯಿಗೆ ಪಿತ್ತಕೋಶದಾಗ ಕಲ್ಲಾತು. "ಆಪರೇಷನ್ ಇಲ್ಲೇ ಮಾಡ್ರಿ ಸರ" ಅಂದೆ.

"ಇಲ್ಲಿ ನನಗ ಕೈ ಓಡಂಗಿಲ್ಲ ಕಾಕಾ. ನಾ ಕಲ್ತ ದವಾಖಾನ್ಯಾಗೇ ಆಗ್ಲಿ. ಹೋಗಿ ಬರ್ತೀನಿ."

ತಿಂಗಳಾದ ಮ್ಯಾಲ ತಾಯಿ ಒಬ್ಬಾಕಿನೇ ಬಂದ್ಳು. "ಅಲ್ಲಿ ಯಾವ ದೊಡ್ಡ ಡಾಕ್ಟರ್ ಮಾಡಿದ್ರವ್ವಾ?" ಅಂತ ಕೇಳಿದೆ.

"ಯಾವ ದೊಡ್ಡಂವ ಯಪ್ಪಾ, ನನ್ನ ಮಗನೇ ಮಾಡಿದ. ನೌಕರಿನೂ ಅಲ್ಲೇ ಹಿಡಿದ."

೩. ಸೊಂಟದ ಕೆಳಗ

ಆಮ್ಯಾಲ ಶಹಾಬಾದದ ಮೇಡಂ ಬಂದ್ರು. ಕಲಿಯುವಾಗ ಕಾಲೇಜಿನಾವ್ರು ಇಲ್ಲಿಗೆ ಕಳಿಸಿದ್ದಕ್ಕ ತಿಂಗಳಗಟ್ಟಲೆ ನಮ್ ಥಿಯೇಟರಿನಾಗೇ ಕೈ ಪಳಗಿಸಿದವರು. ನಮ್ ಕತ್ತರಿ, ನಮ್ ಕರೆಂಟು, ನನ್ನ ಬಡಬಡಿಕಿ ಎಲ್ಲಾ ಅವರಿಗೆ ರೂಢಿ. "ನಾ ಇಲ್ಲೇ ಇರ್ತೀನಿ ಕಾಕಾ, ನಿಮ್ಮ ಹರ್ನಿಯಾ ಮದಲ ಮಾಡೂಣು" ಅಂದ್ರು. ನನಗಂತೂ ನಂಬಿ ನಂಬಿ ಸಾಕಾಗಿತ್ತು. ಆದ್ರ ನೋವು ತಡಿಯಲಾರದೆ ಹೂಂ ಅಂದೆ.

ದಿನಾ ಮಂದೀನ ಮಲಗಿಸೋ ಟೇಬಲ್ ಮ್ಯಾಲ ನಾನೇ ಮಲಗಿದೆ. ಬೆನ್ನಿಗೆ ಅರವಳಿಕಿ ಸೂಜಿ ಚುಚ್ಚಿದ್ರು. ಸೊಂಟದ ಕೆಳಗ ಜೀವನೇ ಇಲ್ಲ. ಆವಾಗ ಮೇಡಂ ಬಾಗಿಲ ಕಡಿ ತಿರುಗಿ, "ಕಾಕಾ, ಹೋಗಿ ಬರ್ತೀನಿ" ಅಂದ್ರು.

"ಅಯ್ಯಯ್ಯೋ, ಸಿಸ್ಟರ್! ಬಾಗಿಲ ಹಾಕ್ರಿ! ವಾಡಿಗೆ ಹೊಂಟ್ರು, ಹಿಡೀರಿ!" ಅಂತ ಚೀರಿದೆ. ನಾನೇ ಓಡಿ ಹಿಡಿಯೋಣಂದ್ರ ಕಾಲು ಏಳವಲ್ವು.

"ಕೈ ತೊಳಕೊಳ್ಲಿಕ್ಕ ಹೊಂಟೀನಿ ಕಾಕಾ!" ಅಂದ್ರು ಮೇಡಂ.

"ಎಲ್ಲಾರೂ ಕೈ ತೊಳಕೊಂಡೇ ಹೋಗ್ಯಾರವ್ವಾ!" ಅಂದೆ.