ಬಂಡವಾಳಶಾಹಿ ಕಪಾಟಿನ ಕೃಪೆ

ಜೆ.ಪಿ. ನಗರದಲ್ಲಿ ಪುಸ್ತಕ ಬಾಡಿಗೆಗೆ ಕೊಡುವ ಪುಟ್ಟ ಲೈಬ್ರರಿ ನನ್ನದು. ಕಾದಂಬರಿ ಓದುವವರು ಸದ್ದಿಲ್ಲದೆ ಒಯ್ದು ಸದ್ದಿಲ್ಲದೆ ತಂದುಕೊಡುತ್ತಾರೆ. ಆದರೆ ‘ಬಂಡವಾಳಶಾಹಿ, ಮುಕ್ತ ಮಾರುಕಟ್ಟೆ’ ಅಂತ ನಾನೇ ಚೀಟಿ ಅಂಟಿಸಿದ ಒಂದು ಕಪಾಟಿದೆ. ಅದರ ಹತ್ತಿರ ಯಾರು ಸುಳಿದರೂ ಏನಾದರೊಂದು ಆಗದೆ ಇರುವುದಿಲ್ಲ. ಆ ಕಪಾಟಿಗೆ ದಿನಾ ಬೆಳಗ್ಗೆ ಊದುಬತ್ತಿ ತೋರಿಸುತ್ತೇನೆ. ಅಷ್ಟು ಋಣ ಅದರದು ನನ್ನ ಮೇಲಿದೆ.

ಇಬ್ಬರು ಯಜಮಾನರು

ದಿನಾ ಬರುವವರು ಇಬ್ಬರು. ಒಬ್ಬರು ಬ್ಯಾಂಕಿನಿಂದ ರಿಟೈರ್ ಆದವರು. ಸರ್ಕಾರ ಯಾವುದಕ್ಕೂ ಕೈ ಹಾಕಬಾರದು, ಪೈಪೋಟಿ ಒಂದಿದ್ದರೆ ಸಾಕು ಎನ್ನುವ ಪೈಕಿ. ಇನ್ನೊಬ್ಬರು ಕಾರ್ಖಾನೆಯಲ್ಲಿ ಯೂನಿಯನ್ ಲೀಡರ್ ಆಗಿದ್ದವರು. ಎಲ್ಲವೂ ಎಲ್ಲರದಾಗಬೇಕು ಎನ್ನುವವರು. ಎದುರಾಳಿಯ ತಪ್ಪು ಹಿಡಿಯಲೆಂದೇ ಇವರ ಕಡೆಯ ಪುಸ್ತಕ ಅವರು, ಅವರ ಕಡೆಯದು ಇವರು ಓದುತ್ತಾರೆ.

ಒಮ್ಮೆ ಇಬ್ಬರಿಗೂ ಒಂದೇ ಪುಸ್ತಕ ಬೇಕಾಯಿತು. ನಾಳೆ ಯಾರು ಮೊದಲು ಬರುತ್ತೀರೋ ಅವರಿಗೆ ಅಂದೆ. ಪೈಪೋಟಿಯ ಬ್ಯಾಂಕ್ ಸಾರ್‌ಗೆ ಸಿಟ್ಟು ಬಂತು. “ಅದೆಂಗಮ್ಮಾ? ಹಳೇ ಮೆಂಬರ್‌ಗೆ ಮೊದ್ಲು ಅಂತ ನೀವೊಂದು ರೂಲ್ಸ್ ಮಾಡ್ಬೇಕು.”

ಯೂನಿಯನ್ ಸಾರ್ ನಕ್ಕರು. ಬೆಳಗ್ಗೆ ನೋಡಿದರೆ ಪುಸ್ತಕವೇ ಇಲ್ಲ. ಕೊನೆಗೆ ಸಿಕ್ಕಿದ್ದು ಅಡುಗೆ ಪುಸ್ತಕಗಳ ಹಿಂದೆ. ಅಲ್ಲಿ ಅವಿತಿಟ್ಟವರು ಯಾರೆಂದು ಯೂನಿಯನ್ ಸಾರ್ ಮುಖವೇ ಹೇಳುತ್ತಿತ್ತು.

“ಎಲ್ಲವೂ ಎಲ್ಲರದು ಅಂತೀರಲ್ಲ ಸಾರ್?” ಅಂದೆ.

“ಎಲ್ಲರದೇ ಕಣಮ್ಮ. ನಾನು ಓದಿ ಮುಗಿಸಿದ ಮೇಲೆ.”

ಪಿ.ಜಿ. ಹುಡುಗಿ

ಬಿ.ಟಿ.ಎಂ. ಲೇಔಟಿನ ಪಿ.ಜಿ. ಹಾಸ್ಟೆಲಿನಿಂದ ಎಂ.ಬಿ.ಎ. ಓದುವ ಹುಡುಗಿಯೊಬ್ಬಳು ಓಡಿಬಂದಳು. “ಆಂಟಿ, ಕ್ಯಾಪಿಟಲಿಸಂ ಅರ್ಥ ಆಗ್ಬೇಕು. ನಾಡಿದ್ದು ಎಕ್ಸಾಮ್. ತೆಳ್ಳಗಿರೋದು ಇದ್ಯಾ?”

ಯಜಮಾನರಿಬ್ಬರೂ ಎದ್ದು ನಿಂತು ಒಬ್ಬರ ಮೇಲೊಬ್ಬರು ಪುಸ್ತಕ ಸೂಚಿಸಿದರು. ಅವಳು ಇಬ್ಬರಿಗೂ ಥ್ಯಾಂಕ್ಸ್ ಹೇಳಿ, ಎಲ್ಲಕ್ಕಿಂತ ತೆಳ್ಳಗಿದ್ದದ್ದನ್ನು ಎತ್ತಿಕೊಂಡು ಹೋದಳು. ವಾರದ ಮೇಲೆ ತಂದುಕೊಟ್ಟಾಗ ಪುಸ್ತಕ ಹಣ್ಣಾಗಿತ್ತು. ಚೆನ್ನಾಗಿ ಓದಿದ್ದೀಯಲ್ಲಮ್ಮ ಅಂತ ಮೆಚ್ಚಿಕೊಂಡೆ.

“ನಾನೆಲ್ಲಿ ಓದ್ದೆ ಆಂಟಿ. ಪಿ.ಜಿ.ಲಿ ಎಲ್ರಿಗೂ ಬೇಕಿತ್ತು, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟೆ. ಸಖತ್ ಡಿಮ್ಯಾಂಡು, ಕೊನೆಗೆ ನನಗೇ ಸಿಗ್ಲಿಲ್ಲ. ಎಕ್ಸಾಮಲ್ಲಿ ಅದನ್ನೇ ಎಕ್ಸಾಂಪಲ್ ಕೊಟ್ಟು ಬರ್ದೆ.”

ಬಂದ ಲಾಭದಲ್ಲಿ ನಮಗೆಲ್ಲ ಮೈಸೂರು ಪಾಕ್ ತಂದಿದ್ದಳು. ಪುಣ್ಯಾತ್ಗಿತ್ತಿ, ಅವಳ ಹೊಟ್ಟೆ ತಣ್ಣಗಿರಲಿ. ಬ್ಯಾಂಕ್ ಸಾರ್ “ನೋಡಿ, ಮಾರ್ಕೆಟ್ ಅಂದ್ರೆ ಇದು” ಅಂತ ಬೀಗಿದರು. ಯೂನಿಯನ್ ಸಾರ್ “ಇದು ಶುದ್ಧ ಶೋಷಣೆ” ಅಂತ ಎರಡನೇ ತುಂಡು ತೆಗೆದುಕೊಂಡರು.

ಓನರ್

ನನ್ನ ಅಂಗಡಿಯ ಓನರ್ ಜರಗನಹಳ್ಳಿಯ ಹಳೇ ಮನೆತನದವರು. ಒಂದು ಬೆಳಗ್ಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. “ಬೇಜಾರ್ ಮಾಡ್ಕೋಬೇಡಿ ಮೇಡಂ. ಮೋಮೋ ಅಂಗಡಿಯೋರು ಈ ಜಾಗ ಕೇಳ್ತಾವ್ರೆ. ಡಬಲ್ ಬಾಡಿಗೆ. ಮಾರ್ಕೆಟ್ ರೇಟ್ ಅಂತ ಒಂದಿದೆಯಲ್ಲ.”

ನನ್ನ ಗಂಡ ತೀರಿಕೊಂಡ ಮೇಲೆ ನನ್ನ ಊಟ, ನನ್ನ ಮಾತುಕತೆ ಎರಡೂ ಈ ಅಂಗಡಿಯೇ.

ಅಷ್ಟರಲ್ಲಿ ಬ್ಯಾಂಕ್ ಸಾರ್ “ನ್ಯಾಯವಾದ ಮಾತು” ಅಂದುಬಿಟ್ಟರು. ನಾನು ದುರುಗುಟ್ಟಿಕೊಂಡು ನೋಡಿದೆ. ಅವರು ನಿಧಾನವಾಗಿ ಕಪಾಟಿನಿಂದ ದಪ್ಪ ಪುಸ್ತಕವೊಂದನ್ನು ಇಳಿಸಿದರು. “ಆದ್ರೆ ಮಾರ್ಕೆಟ್ ಅಂದ್ರೇನು ಅಂತ ಓದ್ದೆ ತೀರ್ಮಾನ ಮಾಡ್ಬಾರ್ದು. ಮೊದ್ಲು ಇದನ್ನ ಓದಿ.”

“ಅದೊಂದೇ ಓದಿದ್ರೆ ಕೆಟ್ರಿ” ಅಂತ ಯೂನಿಯನ್ ಸಾರ್ ಇನ್ನೂ ದಪ್ಪದ್ದನ್ನು ಅದರ ಮೇಲಿಟ್ಟರು.

ಓನರ್ ನೇರ ಮನುಷ್ಯ. “ಆಯ್ತು, ಓದಿ ಹೇಳ್ತೀನಿ” ಅಂದರು. ಅಂದಿನಿಂದ ಪ್ರತಿ ಸಂಜೆ ಒಂದು ಭೂತಗನ್ನಡಿ ಹಿಡಿದು ಬಂದು ಫ್ಯಾನಿನ ಕೆಳಗೆ ಕೂತು ಓದತೊಡಗಿದರು. ಒಂದು ಮುಗಿದರೆ ಯಜಮಾನರಲ್ಲೊಬ್ಬರು ಇದಕ್ಕೆ ಉತ್ತರ ಇನ್ನೊಂದರಲ್ಲಿದೆ ಅನ್ನುವರು. ಜನ್ಮದಲ್ಲಿ ಒಂದು ಮಾತಿಗೂ ಒಪ್ಪದ ಆ ಇಬ್ಬರು ನನಗಾಗಿ ಒಂದಾಗಿದ್ದರು. ಮೋಮೋದವರು ಫೋನ್ ಮಾಡಿದರೆ ಓನರ್ “ಇನ್ನೂ ಓದ್ತಾ ಇದೀನಿ ಕಣಪ್ಪ” ಅನ್ನುವರು.

ಕಪಾಟಿಗಾದರೂ ಕೊನೆ ಇರಬೇಕಲ್ಲ. ಒಂದೇ ಪುಸ್ತಕ ಉಳಿಯಿತು. “ಇದು ಮುಗೀಲಿ ಮೇಡಂ, ತೀರ್ಮಾನ ಹೇಳ್ಬಿಡ್ತೀನಿ” ಅಂದರು. ನನಗೆ ಅನ್ನ ಸೇರಲಿಲ್ಲ. ಇನ್ನು ನಾಲ್ಕಾರು ಪುಟ ಇದೆ ಅನ್ನುವಾಗ ಪುಸ್ತಕ ಮಾಯವಾಯಿತು. ನನ್ನ ಜೊತೆ ಓನರೂ ಮೇಜಿನ ಕೆಳಗೆಲ್ಲ ಬಗ್ಗಿ ಹುಡುಕಿದರು. ನಾನು ಯೂನಿಯನ್ ಸಾರ್ ಮುಖ ನೋಡಿದೆ. “ಈ ಸಲ ನಾನಲ್ಲ ಕಣಮ್ಮ” ಅಂತ ಅವರು ನೊಂದುಕೊಂಡರು. ಬ್ಯಾಂಕ್ ಸಾರ್ ಆಣೆ ಇಟ್ಟರು.

ಶನಿವಾರ ಧೂಳು ಹೊಡೆಯುವಾಗ ಅಡುಗೆ ಪುಸ್ತಕಗಳ ಸಾಲಿನಲ್ಲಿ, ಉಪ್ಪಿನಕಾಯಿ ಪುಸ್ತಕದ ಹಿಂದೆ ಅದು ಸಿಕ್ಕಿತು. ಹಾಳೆಗಳ ನಡುವೆ ಭೂತಗನ್ನಡಿ ಇತ್ತು. ನಗು ಬಂತು, ಕಣ್ಣೂ ತುಂಬಿತು. ಭೂತಗನ್ನಡಿ ಮಾತ್ರ ತೆಗೆದುಕೊಂಡು ಪುಸ್ತಕವನ್ನು ಅಲ್ಲೇ ಇಟ್ಟೆ.

ಸಂಜೆ ಓನರ್ ಬಂದರು. “ಮೇಡಂ, ನನ್ನ ಭೂತಗನ್ನಡಿ ಏನಾದ್ರೂ ಸಿಕ್ತಾ?”

“ಸಿಕ್ತು ಸಾರ್. ಉಪ್ಪಿನಕಾಯಿ ಪುಸ್ತಕದ ಹಿಂದೆ ಇತ್ತು.”

ಅವರು ಅದನ್ನು ಪಂಚೆಯ ಅಂಚಿನಲ್ಲಿ ಬಹಳ ಹೊತ್ತು ಒರೆಸಿದರು. “ಮತ್ತೆ ಆ ಬುಕ್ಕು?”

“ಅದಿನ್ನೂ ಸಿಕ್ಕಿಲ್ಲ ಸಾರ್.”

“ಅರ್ಜೆಂಟೇನಿಲ್ಲ, ನಿಧಾನಕ್ಕೆ ಹುಡುಕಿ” ಅಂತ ಎದ್ದರು. ಬಾಗಿಲ ಹತ್ತಿರ ಹೋಗಿ ತಿರುಗಿ ಹೇಳಿದರು, “ಆ ಅಡುಗೆ ಪುಸ್ತಕದ ಕಡೆ ಮಾತ್ರ ಹುಡುಕ್ಬೇಡಿ.”