ಎಲ್ಲರಿಗೂ ಜಾಗ ತೋರಿಸುವ ಮಾವ

ನಮ್ಮ ಮಾವ ಬೀಬಿ ಕಾ ಮಕ್ಬರಾಕ್ಕೆ ಕಳಿಸಿದಷ್ಟು ಜನರನ್ನು ಈ ಛತ್ರಪತಿ ಸಂಭಾಜಿನಗರದಲ್ಲಿ ಇನ್ಯಾರೂ ಕಳಿಸಿರಲಾರರು. ದೌಲತಾಬಾದ್ ಕೋಟೆಗೆ, ಎಲ್ಲೋರಾಕ್ಕೆ, ಪನ್‌ಚಕ್ಕಿಗೆ ಕಳಿಸಿದವರ ಲೆಕ್ಕ ದೇವರೇ ಇಡಬೇಕು. ತಾವು ಮಾತ್ರ ಇವುಗಳಲ್ಲಿ ಒಂದನ್ನೂ ಕಣ್ಣಾರೆ ಕಂಡವರಲ್ಲ!

ಅವರಿಗೆ ಪುರುಸೊತ್ತಾದರೂ ಎಲ್ಲಿತ್ತು ಹೇಳಿ? ಉಡುಪಿ ಕಡೆಯಿಂದ ಹುಡುಗನಾಗಿ ಬಂದವರು ಸ್ಟೇಷನ್ನಿನ ಹತ್ತಿರ ಸಣ್ಣದೊಂದು ಹೋಟೆಲು ಹಾಕಿದರು. ಬೆಳಗಿನ ಇಡ್ಲಿಯಿಂದ ಶುರುವಾದ ದಿನ ರಾತ್ರಿಯ ಪಾತ್ರೆ ತೊಳೆಯುವಲ್ಲಿಗೆ ಮುಗಿಯುತ್ತಿತ್ತು. ಮೊನ್ನೆ ಮೊನ್ನೆ ನನ್ನ ಯಜಮಾನರಿಗೆ ಗಲ್ಲಾದ ಕುರ್ಚಿ ಬಿಟ್ಟುಕೊಡುವವರೆಗೂ ಅವರ ಪ್ರಪಂಚ ಅಡುಗೆಮನೆಯ ಬಾಗಿಲಿಂದ ಗಲ್ಲಾದವರೆಗೆ ಮಾತ್ರ. ಆದರೆ ಯಾರಾದರೂ ಪ್ರವಾಸಿಗರು ಕೈತೊಳೆದು ಬಂದು "ಇಲ್ಲಿ ನೋಡಲಿಕ್ಕೆ ಏನೇನಿದೆ?" ಅಂತ ಕೇಳಿದರೆ ಸಾಕು, ಮಾವ ಕೋಟೆಯನ್ನು ತಾವೇ ಕಟ್ಟಿಸಿದವರ ಹಾಗೆ ವಿವರಿಸುತ್ತಿದ್ದರು.

"ಅಲ್ಲ ಮಾವ, ನೋಡದೆಯೇ ಅಷ್ಟು ಗಟ್ಟಿಯಾಗಿ ಹೇಗೆ ಹೇಳ್ತೀರಿ?" ಎಂದು ಒಮ್ಮೆ ಕೇಳಿದೆ.

"ನೋಡಿ ಬಂದವರನ್ನು ನೋಡಿದ್ದೇನಲ್ಲ ಮಾರಾಯ್ತಿ! ಸಾಲದಾ?"

ಅವರ ಪರೀಕ್ಷೆಯೇ ಬೇರೆ. ಬೆಳಿಗ್ಗೆ ದಾರಿ ಕೇಳಿ ಹೋದವರು ಸಂಜೆ ಹೋಟೆಲಿಗೇ ಊಟಕ್ಕೆ ಬರುತ್ತಿದ್ದರು. ಅವರು ಏನು ತರಿಸಿಕೊಳ್ಳುತ್ತಾರೆ ಎನ್ನುವುದರ ಮೇಲೆ ಮಾವ ಆ ಜಾಗದ ಯೋಗ್ಯತೆ ಅಳೆಯುತ್ತಿದ್ದರು. ಮಕ್ಬರಾ ಕಾಫಿಯ ಜಾಗ. ನೋಡಿ ಬಂದವರು ಖುಷಿಯಲ್ಲಿರುತ್ತಾರೆ, ಒಂದು ಕಾಫಿ ಕುಡಿದು ಹೋಗುತ್ತಾರೆ. ದೌಲತಾಬಾದ್ ಊಟದ ಮೇಲೆ ಮತ್ತೆ ಅನ್ನ ಹಾಕಿಸಿಕೊಳ್ಳುವ ಜಾಗ. ಎಲ್ಲೋರಾಕ್ಕೆ ಹೋದವರು ಮಾತೇ ಆಡುವುದಿಲ್ಲ, ಮಜ್ಜಿಗೆ ಕುಡಿದು ಸುಮ್ಮನೆ ಕೂರುತ್ತಾರೆ. ಆದ್ದರಿಂದ ಅದು ಎಲ್ಲಕ್ಕಿಂತ ದೊಡ್ಡದು. ಯಾವ ಇತಿಹಾಸದ ಪುಸ್ತಕದಲ್ಲಿ ಇಷ್ಟು ಸುಲಭದಲ್ಲಿ ತಿಳಿಯುತ್ತದೆ ನೀವೇ ಹೇಳಿ!

ಹೀಗಿದ್ದ ಮಾವ ತಿರುಗಾಟಕ್ಕೆ ಹೊರಟದ್ದು ನಮ್ಮ ಅತ್ತೆಯ ಕಣ್ಣಿಗಾಗಿ.

ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಅಂದರೆ ಹೆದರಿ, ಇವತ್ತು ನಾಳೆ ಎಂದು ಮುಂದೆ ಹಾಕಿ ಹಾಕಿ, ಕಡೆಗೆ ಸಾರಿಗೆ ಹಾಕಬೇಕಾದ ಉಪ್ಪನ್ನು ಪಾಯಸಕ್ಕೆ ಹಾಕಿದ ದಿನ ಒಪ್ಪಿಕೊಂಡರು. ನಾಸಿಕದಲ್ಲಿ ನನ್ನ ನಾದಿನಿಯ ಮನೆಯಿದೆ. ಅಲ್ಲಿಯ ಡಾಕ್ಟರಿಗೆ ತೋರಿಸಿದೆವು. ಅವರು ಸಕ್ಕರೆ ಕಾಯಿಲೆಯ ರಿಪೋರ್ಟು ನೋಡಿ ತಲೆ ಆಡಿಸಿದರು. ಸಕ್ಕರೆ ಇಳಿಯದೆ ಕಣ್ಣು ಮುಟ್ಟುವ ಹಾಗಿಲ್ಲ. ಪೊರೆ ತೆಗೆದರೂ ಅದರ ಹಿಂದಿನ ಪರದೆ ಎಷ್ಟು ಕೆಟ್ಟಿದೆಯೋ ಈಗ ಹೇಳುವ ಹಾಗಿಲ್ಲ. ದೃಷ್ಟಿ ಬರಬಹುದು, ಬಾರದೆಯೂ ಇರಬಹುದು. ಮೊದಲು ಪಥ್ಯ ಮಾಡಿ, ದಿನಾ ನಡೆಯಿರಿ ಎಂದರು.

ಪಥ್ಯಕ್ಕೆ ಅತ್ತೆ ತಯಾರು. ನಡೆಯಲಿಕ್ಕೆ ಮಾತ್ರ ಇಲ್ಲ!

"ಕೆಲಸ ಇಲ್ಲದೆ ಬೀದಿಯಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ತಿರುಗಲಿಕ್ಕೆ ನನಗೆಂತ ಮರುಳಾ?"

ಮಾವ ಆಟೋ ಕರೆಯಲು ಚಪ್ಪಲಿ ಮೆಟ್ಟಿದರು. "ಹಾಗಾದರೆ ಮಕ್ಬರಾಕ್ಕೆ ಹೋಗುವ. ಅದು ಕಾಫಿಯ ಜಾಗ. ನಿನಗೆ ಹಗುರ ಆಗ್ತದೆ."

"ಕಣ್ಣು ಇದ್ದಾಗ ತೋರಿಸಲಿಲ್ಲ, ಈಗ ಹೊರಟಿರಾ?" ಎಂದರು ಅತ್ತೆ. ಆದರೂ ಎದ್ದು ಸೀರೆ ಬದಲಾಯಿಸಿದರು. ಆಟೋದಲ್ಲಿ ಅವರಿಬ್ಬರ ನಡುವೆ ನಾನು, ನನ್ನ ತೊಡೆಯ ಮೇಲೆ ಮಾವನ ಬುತ್ತಿ. ಸಕ್ಕರೆ ಇಳಿಸಲು ಹೊರಟವರ ಬುತ್ತಿಯಲ್ಲಿ ಶೀರಾ ಇತ್ತು! ಕೇಳಿದರೆ "ಅದು ನನಗೆ, ಅವಳು ಪರಿಮಳ ನೋಡಲಿ" ಎಂದರು.

ಮಕ್ಬರಾದ ಬಾಗಿಲು ದಾಟಿ ಒಳಗೆ ಹೋದೆವು. ಎದುರಿಗೆ ಬಿಳಿ ಗುಮ್ಮಟದ ಗೋರಿ, ನಾಲ್ಕು ಮೂಲೆಗೆ ಮಿನಾರು. ಮಾವ ನಿಂತರು, ನೋಡಿದರು, ಒಂದು ನಿಮಿಷ ಬಾಯಿ ತೆರೆದೇ ಇತ್ತು.

"ಎಂತ ಕಾಣ್ತದೆ?" ಎಂದು ಅತ್ತೆ ಕೇಳಿದರು. "ನನಗೆ ಬೆಳ್ಳಗೆ ಏನೋ ಉಂಟು ಅಂತ ಮಾತ್ರ ಗೊತ್ತಾಗ್ತದೆ. ಮಂಜಿನ ಹಾಗೆ."

"ನಡುವಿನಲ್ಲಿ ಒಂದು ಇಡ್ಲಿ," ಎಂದರು ಮಾವ. "ಚೆನ್ನಾಗಿ ಉಬ್ಬಿದ್ದು. ನಾಲ್ಕು ಮೂಲೆಗೆ ನಾಲ್ಕು ಉದ್ದದ ಕಾಫಿ ಲೋಟ. ಎದುರಿಗೆ ನೀರು ಹೋಗಲಿಕ್ಕೆ ದಾರಿ. ಕ್ಲೀನ್ ಇಟ್ಟಿದ್ದಾರೆ."

ಪಕ್ಕದಲ್ಲಿದ್ದ ಒಂದು ಸಂಸಾರಕ್ಕೆ ಕನ್ನಡ ಬರುತ್ತಿತ್ತೋ ಏನೋ, ಗೊಳ್ಳೆಂದು ನಕ್ಕರು. ನನಗೆ ನಾಚಿಕೆಯಾಯಿತು. ಮಾವನಿಗೆ ಆಗಲಿಲ್ಲ. ಅವರ ಕಣ್ಣು ಆಗಲೇ ಬೇರೆ ಕಡೆ ಹೋಗಿತ್ತು. ನೆರಳಿನ ಕಲ್ಲುಬೆಂಚಿನಲ್ಲಿ ಇಬ್ಬರೇ ಹರಡಿಕೊಂಡು ಕೂತಿದ್ದರು, ಬಿಸಿಲಲ್ಲಿ ಒಬ್ಬ ಅಜ್ಜಿ ನಿಂತಿದ್ದಳು. ಇಂಥದ್ದನ್ನು ಮಾವ ಹೇಗೆ ಸಹಿಸುತ್ತಾರೆ? ಹೋಟೆಲಿನಲ್ಲಿ ಗುರುತಿಲ್ಲದ ನಾಲ್ಕು ಜನರನ್ನು ಒಂದೇ ಟೇಬಲ್ಲಿಗೆ ಹೊಂದಿಸಿ ಕೂರಿಸಿದ ಕೈ ಅದು! ಸೀದಾ ಹೋಗಿ "ಥೋಡಾ ಸರಕೋ ಭಾಯಿಸಾಬ್, ಮಾಂಜಿ ಕೋ ಬೈಠನೇ ದೋ" ಎಂದು ಅವರನ್ನು ಸರಿಸಿ ಅಜ್ಜಿಯನ್ನು ಕೂರಿಸಿದರು. ಆಮೇಲೆ ಮೆಟ್ಟಿಲ ಹತ್ತಿರ ನಿಂತು ಬಂದವರಿಗೆಲ್ಲ ಕೈ ಮಾಡಿ "ಉಧರ್ ಜಗಹ್ ಹೈ, ಉಧರ್!" ಎಂದು ಖಾಲಿ ಜಾಗಕ್ಕೆ ಕಳಿಸತೊಡಗಿದರು. ಜನರೂ ಎಂಥವರು ನೋಡಿ, ಹೇಳಿದ ಕಡೆಗೇ ಹೋಗಿ ಕೂರುತ್ತಿದ್ದರು.

ಅಲ್ಲಿಯ ಗೈಡ್ ಒಬ್ಬ ಬಂದು "ಕಾಕಾ, ನೀವು ಇಲ್ಲಿ ಡ್ಯೂಟಿಗೆ ಹೊಸಬರಾ?" ಎಂದು ಮರಾಠಿಯಲ್ಲಿ ಕೇಳಿದ. ಮಾವ "ಹೊಸಬನಾ? ನೀನು ಹುಟ್ಟುವ ಮೊದಲಿಂದ ಇಲ್ಲಿಗೆ ಗಿರಾಕಿ ಕಳಿಸ್ತಾ ಇದ್ದೇನೆ!" ಎಂದು ಉತ್ತರ ಕೊಟ್ಟರು. ಪಾಪ, ಸುಳ್ಳೇನೂ ಅಲ್ಲವಲ್ಲ.

ಇತ್ತ ಬೆಂಚಿನಲ್ಲಿ ಅತ್ತೆ ಮತ್ತು ನಾನು. ಅತ್ತೆಯ ಪಕ್ಕದಲ್ಲಿ ಒಂದು ಜಾಗ ಖಾಲಿ. "ಅವರು ಕೂರುವುದಿಲ್ಲ ಬಿಡು," ಎಂದರು ಅತ್ತೆ. "ಮದುವೆಯಾದ ಮೇಲೆ ಊರಿನ ಜನರನ್ನೆಲ್ಲ ಕೂರಿಸಿದ್ದಾರೆ. ನನ್ನ ಹತ್ತಿರ ಕೂತು ಒಂದು ಕಾಫಿ ಕುಡಿದದ್ದು ನೆನಪಿಲ್ಲ."

ಸಂಜೆ ದೇವರಿಗೆ ದೀಪ ಹಚ್ಚಿ ಆ ದಿನದ ಉಪಕಾರ ಒಪ್ಪಿಸುವುದು ನನ್ನ ರೂಢಿ. ದೊಡ್ಡ ಉಪಕಾರವೇ ಆಗಬೇಕೆಂದಿಲ್ಲ. ಹಾಲು ಉಕ್ಕಲಿಲ್ಲ, ನಲ್ಲಿಯಲ್ಲಿ ನೀರು ಬಂತು, ಇಷ್ಟಾದರೂ ಸಾಕು. ಆ ಸಂಜೆ ಹೇಳಿಕೊಂಡೆ: ಗಣಪತಿ ದೇವರೇ, ಮಾವ ಯಾರ ಕೈಯಲ್ಲೂ ಪೆಟ್ಟು ತಿನ್ನಲಿಲ್ಲ. ಅತ್ತೆ ಅಷ್ಟು ದೂರ ನಡೆದರು. ಶೀರಾ ಪೂರ್ತಿ ಮಾವನೇ ತಿಂದರು.

ಆಮೇಲೆ ಇದೇ ಅಭ್ಯಾಸವಾಯಿತು. ಒಂದು ಸಂಜೆ ಪನ್‌ಚಕ್ಕಿಗೆ ಹೋದೆವು. ನೀರಿನ ಬಲದಿಂದಲೇ ಬೀಸುವ ಕಲ್ಲು ತಿರುಗುವ ಹಳೆಯ ಜಾಗ ಅದು. ದರ್ಗಾವೂ ಅಲ್ಲೇ ಇದೆ. ನಾನು ಕೈಮುಗಿದು ಬರುವಷ್ಟರಲ್ಲಿ ಮಾವ ಕಲ್ಲಿನ ಎದುರು ಬೇರುಬಿಟ್ಟು ನಿಂತಿದ್ದರು. ಕರೆಂಟು ಹೋದರೆ ಗ್ರೈಂಡರಿನ ಎದುರು ಅರ್ಧ ರುಬ್ಬಿದ ಉದ್ದಿನ ಜೊತೆ ಜೀವಮಾನವಿಡೀ ಗೋಳಾಡಿದ ಮನುಷ್ಯ, ಅವರ ಹೊಟ್ಟೆ ಉರಿಯದೆ ಇರುತ್ತದೆಯೇ?

"ಇವರು ಕರೆಂಟೇ ಇಲ್ಲದೆ ಬೀಸಿದ್ದಾರೆ! ನೆನೆಸಿದ ಉದ್ದು ಹಾಕಿದರೆ ನುಣ್ಣಗೆ ಬರ್ತದಾ ಕೇಳು ಮಾರಾಯ್ತಿ!"

ಯಾರನ್ನು ಕೇಳಲಿ? ಕಟ್ಟಿಸಿದವರು ಹೋಗಿ ಕಾಲವಾಯಿತು! ಅತ್ತೆ ಮಾತ್ರ ಕೊಳದ ಕಟ್ಟೆಯಲ್ಲಿ ಕೂತು, ಮೇಲಿನಿಂದ ಸುರಿಯುವ ನೀರಿನ ಸದ್ದಿಗೆ ಕಿವಿಕೊಟ್ಟಿದ್ದರು. ಹನಿ ಮುಖಕ್ಕೆ ಸಿಡಿಯುತ್ತಿತ್ತು. "ಇಲ್ಲಿ ಕಣ್ಣು ಬೇಡ, ಇಲ್ಲದೆಯೇ ಚಂದ ಉಂಟು," ಎಂದರು. ಎಷ್ಟೋ ತಿಂಗಳ ನಂತರ ಅವರ ಬಾಯಲ್ಲಿ ಚಂದ ಎನ್ನುವ ಮಾತು ಬಂದಿತ್ತು. ದೀಪ ಹಚ್ಚಿದಾಗ ಅದನ್ನೂ ಒಪ್ಪಿಸಿದೆ.

ದೌಲತಾಬಾದಿನಲ್ಲಿ ನಡೆದದ್ದೇ ಬೇರೆ. ಮೇಲೆ ಹತ್ತುವ ದಾರಿಯಲ್ಲಿ ಬಂಡೆಯೊಳಗೆ ಕೊರೆದ ಕತ್ತಲ ಸುರಂಗವಿದೆ, ವೈರಿಗಳು ದಾರಿ ತಪ್ಪಲಿ ಎಂದೇ ಮಾಡಿದ್ದು. ಒಳಗೆ ಬಾವಲಿಗಳು. ಸುತ್ತಿಹೋಗಲು ಬೇರೆ ಮೆಟ್ಟಿಲುಗಳಿವೆ, ಅಲ್ಲಿ ಹೋಗುವ ಎಂದೆ. ಮಾವ ಕೇಳಬೇಕಲ್ಲ? "ಎಷ್ಟು ಜನಕ್ಕೆ ಈ ಸುರಂಗ ಹೇಳಿದ್ದೇನೆ, ನನಗೆ ದಾರಿ ಗೊತ್ತಿಲ್ಲವಾ?" ಎಂದು ಮುಂದೆ ನುಗ್ಗಿದರು. ಟಾರ್ಚ್ ಹಿಡಿದ ಗುಂಪು ಮುಂದೆ ಹೋಗಿಬಿಟ್ಟಿತು. ನನ್ನ ಮೊಬೈಲು ಫೋಟೋ ತೆಗೆದು ತೆಗೆದೇ ಸತ್ತಿತ್ತು. ಮಾವನ ಮೊಬೈಲಿನಲ್ಲಿ ಟಾರ್ಚ್ ಇದೆ, ಆದರೆ ಅದು ಎಲ್ಲಿ ಒತ್ತಿದರೆ ಹತ್ತುತ್ತದೆ ಎಂದು ಮಾವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಹತ್ತು ಹೆಜ್ಜೆಗೆ ಮಾವ ನಿಂತರು. "ಎಲ್ಲಿದ್ದೀರಿ ನೀವು? ಇದೆಂತ, ಗೋಡೆಯಾ?" ನಾನು ಬಾಯಲ್ಲಿ ರಾಮರಕ್ಷೆ ಹೇಳತೊಡಗಿದೆ.

ಆಗ ಅತ್ತೆಯ ಮಾತು ಕೇಳಿತು, ಅಡುಗೆಮನೆಯಲ್ಲಿ ಮಾತಾಡುವಷ್ಟೇ ನಿಧಾನಕ್ಕೆ. "ಕೈ ಕೊಡಿ ಇಲ್ಲಿ. ನೀನೂ ನನ್ನ ಸೆರಗು ಹಿಡಿ. ಬಲಗೈ ಗೋಡೆಗೆ ಇಡಿ, ಕಾಲು ಎತ್ತಬೇಡಿ, ಜಾರಿಸಿ. ಇಲ್ಲಿ ಮೆಟ್ಟಿಲು."

"ನಿನಗೆ ಹೇಗೆ ಗೊತ್ತಾಗ್ತದೆ?"

"ನಾನು ಮನೆಯಲ್ಲಿ ದಿನಾ ನಡೆಯುವುದು ಹೀಗೆಯೇ ಅಲ್ಲವಾ?"

ಬೆಳಕಿಗೆ ಬಂದ ಮೇಲೆ ಮಾವ ಯಾರಿಗೂ ಜಾಗ ತೋರಿಸಲಿಲ್ಲ. ಇಳಿಯುವಾಗ ದಾರಿಯುದ್ದಕ್ಕೂ ಅತ್ತೆಯ ಕೈ ಬಿಡಲಿಲ್ಲ. ಅತ್ತೆ ಬಿಡಿಸಿಕೊಳ್ಳಲು ನೋಡಿ "ಜನ ನೋಡ್ತಾರೆ" ಎಂದರೂ ಬಿಡಲಿಲ್ಲ. ಆ ದಿನ ಹೋಟೆಲಿಗೆ ಬಂದು ಊಟವನ್ನೂ ಸರಿಯಾಗಿ ಮಾಡಲಿಲ್ಲ. ಮತ್ತೆ ಅನ್ನ ಹಾಕಿಸಿಕೊಳ್ಳುವ ಜಾಗ ಎಂದು ಬರೆದಿಟ್ಟ ಹಾಗೆ ಹೇಳುತ್ತಿದ್ದವರು!

ಅಂತೂ ಸಕ್ಕರೆ ಇಳಿಯಿತು. ರಿಪೋರ್ಟು ಬಂದ ದಿನ ನಾನು ದೇವರಿಗೆ ಪಂಚಕಜ್ಜಾಯ ಮಾಡಿ, ಅತ್ತೆಗೆ ಕೊಡದೆ ಹಂಚಿದೆ. ನಾಸಿಕದ ಬಸ್ಸು ಹತ್ತಿದೆವು. ವೈಜಾಪುರ ಬರುವಷ್ಟರಲ್ಲಿ ಮಾವ ನಿಂತಿದ್ದವರನ್ನೆಲ್ಲ ಎಲ್ಲೆಲ್ಲೋ ಹೊಂದಿಸಿ ಕೂರಿಸಿ, ಕಡೆಗೆ ತಮ್ಮ ಸೀಟನ್ನೂ ಕೊಟ್ಟು ನಾಸಿಕದವರೆಗೆ ಕಂಬಿ ಹಿಡಿದು ನಿಂತೇ ಬಂದರು. ಕಂಡಕ್ಟರು ಅವರನ್ನು "ಸಾಹೇಬ್" ಎನ್ನುತ್ತಿದ್ದ!

ಆಪರೇಷನ್ನಿನ ಹಿಂದಿನ ಸಂಜೆ ಪಂಚವಟಿಗೆ ಹೋದೆವು. ಕಾಳಾರಾಮನ ದರ್ಶನ ಮಾಡಿ ರಾಮಕುಂಡದ ಮೆಟ್ಟಿಲಲ್ಲಿ ಗೋದಾವರಿಯ ಆರತಿಗೆ ಕೂತೆವು. ಗಂಟೆ, ಶಂಖ, ಕರ್ಪೂರದ ಪರಿಮಳ. ಸಾಲು ಸಾಲು ದೀಪ.

"ದೀಪ ಒಂದೊಂದೂ ಜೇಡರ ಬಲೆಯ ಹಾಗೆ ಹರಡಿಕೊಂಡು ಕಾಣ್ತದೆ," ಎಂದರು ಅತ್ತೆ.

"ನಾಳೆ ಕಳೆದರೆ ಸರಿಯಾಗಿ ಕಾಣ್ತದೆ," ಎಂದರು ಮಾವ.

"ಕಾಣದಿದ್ದರೆ?"

ಮಾವ ಎದ್ದುಹೋಗಿ, ಕೆಳಗಿನ ಮೆಟ್ಟಿಲಲ್ಲಿ ಒಂದು ಸಂಸಾರಕ್ಕೆ ಜಾಗ ಮಾಡಿಕೊಡತೊಡಗಿದರು. ನಾನು ಗೋದಾವರಿಗೆ ಕೈಮುಗಿದೆ. ಚಿಕ್ಕಪುಟ್ಟ ಉಪಕಾರ ಎಣಿಸುವವಳು, ಅವತ್ತು ಮಾತ್ರ ದೊಡ್ಡದೊಂದನ್ನು ಬಾಯಿಬಿಟ್ಟು ಕೇಳಿದೆ.

ಬಲಗಣ್ಣು ಚೆನ್ನಾಗಿ ಬಂತು. ಎಡಗಣ್ಣಿಗೂ ಆಮೇಲೆ ಮಾಡಿದರು. ಅದರಲ್ಲಿ ಅಷ್ಟಕ್ಕಷ್ಟೇ, ಬೆಳಕು, ಬಣ್ಣ ಗೊತ್ತಾಗುತ್ತದೆ. ಇರಲಿ. ಒಂದು ಕಣ್ಣಿನಲ್ಲಿ ಅಕ್ಕಿಯ ಕಲ್ಲು ಕಾಣುತ್ತದೆ, ದೇವರ ಮುಖ ಕಾಣುತ್ತದೆ. ಇನ್ನೆಷ್ಟು ಬೇಕು! ಡಾಕ್ಟರು ಧೂಳಿಗೆ, ಬಿಸಿಲಿಗೆ ಹೋಗಬೇಡಿ ಎಂದದ್ದರಿಂದ ಬಹಳ ದಿನ ಮನೆಯೊಳಗೇ, ಕಪ್ಪು ಕನ್ನಡಕದ ಹಿಂದೆಯೇ ಇದ್ದರು. ಹೊರಗೆ ಹೋಗಬಹುದು ಎಂದ ದಿನವೇ ಮಾವ ಆಟೋ ತಂದು ನಿಲ್ಲಿಸಿದರು. "ಮಕ್ಬರಾಕ್ಕೆ. ಸಂಜೆ ದೀಪ ಹಾಕ್ತಾರೆ."

ಹೋಗುವಾಗ ಕತ್ತಲಾಗುತ್ತಿತ್ತು. ಬಾಗಿಲು ದಾಟಿದೆವು. ದೀಪದಲ್ಲಿ ಇಡೀ ಮಕ್ಬರಾ ಹಾಲಿನಲ್ಲಿ ಅದ್ದಿದ ಹಾಗೆ ನಿಂತಿತ್ತು. ಅತ್ತೆ ಕಪ್ಪು ಕನ್ನಡಕ ತೆಗೆದರು. ತುಂಬ ಹೊತ್ತು ನೋಡಿದರು. ಹೊಸ ಗಿರಾಕಿ ಮೊದಲ ತುತ್ತು ಬಾಯಿಗಿಟ್ಟಾಗ ನಿಲ್ಲುವ ಹಾಗೆ ಮಾವ ಕೈಕಟ್ಟಿ ನಿಂತಿದ್ದರು.

"ಇದು ಇಡ್ಲಿ ಅಲ್ಲ ಮಾರಾಯ್ರೇ," ಎಂದರು ಅತ್ತೆ. "ಎಂಥ ಚಂದ! ಇಷ್ಟು ಚಂದದ್ದಕ್ಕೆ ಇಡ್ಲಿ ಅಂದಿರಲ್ಲ! ಲೋಟ ಅಂದಿರಲ್ಲ!"

ಮಾವನ ಮುಖ ಸಣ್ಣದಾಯಿತು. ನಮ್ಮನ್ನು ಬೆಂಚಿನಲ್ಲಿ ಕೂರಿಸಿ, ಮೆಟ್ಟಿಲ ಹತ್ತಿರ ಹೋಗಿ ತಮ್ಮ ಕೆಲಸಕ್ಕೆ ನಿಂತರು. "ಉಧರ್ ಜಗಹ್ ಹೈ!" ಶುರುವಾಯಿತು. ಅತ್ತೆ ಮಕ್ಬರಾ ಬಿಟ್ಟು ಈಗ ಮಾವನನ್ನೇ ನೋಡುತ್ತಿದ್ದರು. ದೀಪದ ಬೆಳಕು ಅವರ ಮೇಲೂ ಬಿದ್ದಿತ್ತು: ಜೋತುಬಿದ್ದ ಅಂಗಿ, ಹೊರಗೆ ಕಾಣುವ ಕತ್ತಿನ ಎಲುಬು.

"ಎಷ್ಟು ಸಪೂರ ಆಗಿದ್ದಾರೆ," ಎಂದರು ನನ್ನ ಕೈ ಹಿಡಿದು. "ಮನೆಯಲ್ಲಿ ಆ ಕಪ್ಪು ಕನ್ನಡಕದಲ್ಲಿ ಗೊತ್ತೇ ಆಗಲಿಲ್ಲ. ನನಗೆ ಯಾರೂ ಹೇಳಲೇ ಇಲ್ಲವಲ್ಲ."

ಆಮೇಲೆ ಪಕ್ಕದ ಖಾಲಿ ಕಲ್ಲನ್ನು ಸೆರಗಿನಿಂದ ಒರೆಸಿದರು. ಜೀವಮಾನದಲ್ಲಿ ಗಟ್ಟಿಯಾಗಿ ಮಾತಾಡದ ಅತ್ತೆ, ಹೋಟೆಲಿನ ಗಲ್ಲಾದಿಂದ ಕರೆದ ಹಾಗೆ ಕೈ ಎತ್ತಿ ಕೂಗಿದರು.

"ಹೋಯ್! ಇಲ್ಲಿ ಒಂದು ಜಾಗ ಉಂಟು! ಬನ್ನಿ, ಕೂತುಕೊಳ್ಳಿ!"

ಮಾವ ಬಂದರು. ಕೂತರು. ಕೈ ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲಿಟ್ಟುಕೊಂಡರು. ಫ್ಲಾಸ್ಕಿನಲ್ಲಿ ಸಕ್ಕರೆಯಿಲ್ಲದ ಕಾಫಿ ಇತ್ತು. ಎರಡು ಲೋಟಕ್ಕೆ ಬಗ್ಗಿಸಿ ಕೊಟ್ಟು ನಾನು ಹೂವಿನ ಗಿಡ ನೋಡುವ ನೆಪದಲ್ಲಿ ಸ್ವಲ್ಪ ಆಚೆ ಹೋದೆ.

ಅಷ್ಟರಲ್ಲಿ ಹೊಸದಾಗಿ ಮದುವೆಯಾದ ಹಾಗೆ ಕಾಣುವ ಒಂದು ಜೋಡಿ ಬಂದು ಮಾವನನ್ನು ಹಿಂದಿಯಲ್ಲಿ ಕೇಳಿತು: "ಅಂಕಲ್, ಇಲ್ಲಿಂದ ಪನ್‌ಚಕ್ಕಿಗೆ ಹೇಗೆ ಹೋಗುವುದು?"

ಮಾವ ಲೋಟದಿಂದ ತಲೆ ಎತ್ತಲಿಲ್ಲ.

"ಮಾಲೂಮ್ ನಹೀ ಬೇಟಾ," ಎಂದರು ಗೊತ್ತಿಲ್ಲ ಎಂದು ಯಾರಿಗೂ ಹೇಳದ ಮಾವ, ಆಚೆ ನಿಂತವರ ಕಡೆ ಕೈ ಮಾಡಿ. "ಉಧರ್ ಕಿಸೀ ಸೇ ಪೂಛೋ."